ತಪ್ಪು ಬಣ್ಣದ ಒಂಟೆ

ಆದೋನಿ ಹತ್ತಿ ಮಾರ್ಕೆಟ್ಟಿನ ಹಿಂದಿನ ಗೇಟು,
ಅರವತ್ತು ಟನ್ನಿನ ವೇಬ್ರಿಜ್ಜು, ಪಕ್ಕದಲ್ಲಿ ನನ್ನ ತಗಡಿನ ಖೋಲಿ.
ಬೆಳಿಗ್ಗೆ ಬಂದವನ ಮೊದಲ ಕೆಲಸ
ತಟ್ಟೆಯ ಮೇಲಿನ ಹತ್ತಿಚೂರು, ಸಗಣಿ ಗುಡಿಸಿ
ಯಂತ್ರವನ್ನು ಸೊನ್ನೆಗೆ ತರುವುದು.
ಕೆಂಪು ಅಂಕಿ ನಡುಗುತ್ತದೆ, ನಲವತ್ತು, ಇಪ್ಪತ್ತು,
ಆಮೇಲೆ ಸುಮ್ಮನಾಗುತ್ತದೆ.

ಬಿಲ್ಲು ಅಚ್ಚಾಗುವ ಅದೇ ಹಳೆ ಕಂಪ್ಯೂಟರಿನಲ್ಲಿ
ಬಳ್ಳಾರಿಯಿಂದ ತಂದ ಸೀಡಿಯ ಚೆಸ್ಸು.
ಮೂಲೆಯಲ್ಲಿ ಅದಕ್ಕೂ ಒಂದು ತೂಕದ ಅಂಕಿ:
ಕಾಲಾಳು ಒಂದು, ಒಂಟೆ ಮೂರು ಮತ್ತು ಚಿಲ್ಲರೆ.
ಆ ಭಾಷೆ ನನಗೆ ಬರುತ್ತಿತ್ತು. ನಾನೂ ತೂಗುವವನೇ.

ಆಡುತ್ತಿದ್ದವರು ದಸ್ತಗೀರ್ ಸಾಬ್,
ಸಣ್ಣ ದಲಾಲಿ, ಲಾರಿ ಬರುವ ತನಕ ಪುರುಸೊತ್ತು.
ಗೆದ್ದದ್ದು ನಾನು ನೋಡಿಲ್ಲ. ಸೋತದ್ದೂ ಕಡಿಮೆ.
ಒಂದು ಕಾರ್ತೀಕದ ಮಧ್ಯಾಹ್ನ
ಎಲ್ಲ ಕಳಕೊಂಡು ಬರೀ ರಾಜನನ್ನು ಉಳಿಸಿಕೊಂಡಿದ್ದರು;
ಎದುರಿಗೆ ರಾಜ, ಅಂಚಿನ ಸಾಲಿನಲ್ಲಿ ಒಂದು ಕಾಲಾಳು,
ಬಿಳಿ ಮನೆಗಳಲ್ಲೇ ನಡೆವ ಒಂದು ಒಂಟೆ.
ಯಂತ್ರ ಹೇಳಿತು: ನಾಲ್ಕು ಪಾಯಿಂಟ್ ಮೂವತ್ತು.
"ಮುಗೀತಲ್ಲ ಸಾಬ್," ಅಂದೆ.
"ಏನು ಮುಗೀತು? ಮೂಲೆ ಮನೆ ಕಪ್ಪು.
ಅದರ ಒಂಟೆ ಅಲ್ಲಿಗೆ ಬರಂಗಿಲ್ಲ.
ನನ್ನ ರಾಜ ಅಲ್ಲೇ ಕುಂತಾನೆ."

ಕುಂತ. ಮೂಲೆಗೆ, ಪಕ್ಕಕ್ಕೆ, ಮತ್ತೆ ಮೂಲೆಗೆ.
ಐವತ್ತು ನಡೆ.
ನಾಲ್ಕು ಪಾಯಿಂಟ್ ಮೂವತ್ತು ಒಂದು ಕಾಳಿನಷ್ಟೂ ಇಳಿಯಲಿಲ್ಲ.
ಪಾಪ, ಅದಕ್ಕೆ ತೂಕ ಗೊತ್ತಿತ್ತು, ಮೂಲೆ ಗೊತ್ತಿರಲಿಲ್ಲ.

ಈಗ ಫೋನಿನಲ್ಲಿ ಹೊಸದು,
ತಂಗಿ ಮಗ ಉರುಕುಂದಪ್ಪ ಹಾಕಿಕೊಟ್ಟದ್ದು.
ಅದೇ ಕಾಯಿ, ಅದೇ ಮನೆ, ಜೋಡಿಸಿ ತೋರಿಸಿದೆ.
ರೆಪ್ಪೆ ಬಡಿಯುವುದರೊಳಗೆ: ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ.
ನಾಲ್ಕೈದು ಕಾಯಿ ಉಳಿದ ಆಟಗಳ ಅಂತ್ಯವನ್ನೆಲ್ಲ
ಯಾರೋ ಮೊದಲೇ ಲೆಕ್ಕ ಹಾಕಿ ಗಂಟು ಕಟ್ಟಿಟ್ಟಿದ್ದಾರಂತೆ,
ಇದು ಬಿಚ್ಚಿ ನೋಡುತ್ತದೆ, ಅಷ್ಟೇ.
ಸಾಬ್ ಫೋನನ್ನು ದೂರ ಹಿಡಿದು ಓದಿದರು. ಮುಖ ಸಪ್ಪಗಾಯಿತು.
"ಇದು ಆಡಂಗೇ ಇಲ್ಲಲ್ಲೋ.
ನಾನು ಐವತ್ತು ನಡೆ ಕಾದಿದ್ದು ಇದಕ್ಕೆ ಸೊನ್ನೆಯಾ?"

ಏನು ಹೇಳಲೂ ತೋಚದೆ ಅದರ ಹೊಟ್ಟೆಯೊಳಗೆ ತಡಕಾಡಿದೆ.
ಒಂದು ಸ್ಕ್ರೂ ಸಿಕ್ಕಿತು. ಇಂಗ್ಲಿಷ್ ಹೆಸರು;
ಡಿಕ್ಷನರಿ ನೋಡಿದರೆ, ತಿರಸ್ಕಾರ.
ಎದುರಿನವ ನನಗಿಂತ ಕೀಳೆಂದು ಎಷ್ಟು ನಂಬಬೇಕು,
ಸಮಸಮ ಎಂದು ಕೈಚಾಚಿದರೆ ಎಷ್ಟು ಮುಖ ತಿರುಗಿಸಬೇಕು,
ಅದಕ್ಕೂ ಅಂಕಿ. ಇಪ್ಪತ್ನಾಲ್ಕರಲ್ಲಿ ನಿಂತಿತ್ತು.
"ಸಾಬ್, ಇದು ನಿಮ್ಮನ್ನ ಅಸಡ್ಡೆ ಮಾಡೋ ಸ್ಕ್ರೂ," ಅಂದೆ.
ಕೆಮ್ಮು ಹತ್ತುವಷ್ಟು ನಕ್ಕರು.
"ಜಿನ್ನಿಂಗ್ ಮಿಲ್ಲಿನೋರ ಹತ್ರನೂ ಐತೆ. ಕಾಣಂಗಿಲ್ಲ.
ಸೊನ್ನೆಗೆ ಹಾಕು."
ಹಾಕಿದೆ.

ರಾತ್ರಿ ಒಬ್ಬನೇ ಕೂತು ಬೇರೆ ಬೇರೆ ಜೋಡಿಸಿ ನೋಡಿದೆ.
ಒಂದು ಹಾಸಿನಲ್ಲಿ ಕಾಲಾಳುಗಳು ಎದೆಗೆ ಎದೆ ಕೊಟ್ಟು ನಿಂತು
ಯಾರೂ ಎಲ್ಲಿಗೂ ಹೋಗುವಂತಿಲ್ಲ.
ಇನ್ನೊಂದರಲ್ಲಿ ಮಂತ್ರಿಗಳು ಬೀದಿಗಿಳಿದಿದ್ದಾರೆ,
ಒಂದು ನಡೆ ತಪ್ಪಿದರೆ ಕುತ್ತಿಗೆ,
ತಪ್ಪದಿದ್ದರೆ ಚೆಕ್ಕು, ಮತ್ತೆ ಚೆಕ್ಕು, ಬೆಳಗಾಗುವ ತನಕ ಚೆಕ್ಕು.
ಎರಡಕ್ಕೂ ಅದೇ ಸೊನ್ನೆ ಬರೆಯಿತು,
ಅದೇ ದಪ್ಪದ ಅಕ್ಷರ.

ಹೊರಗೆ ಮಾರ್ಕೆಟ್ಟಿನ ಬಡಕಲು ನಾಯಿ
ವೇಬ್ರಿಜ್ಜಿನ ನಟ್ಟನಡುವೆ ಮಲಗಿತ್ತು, ಹೊಟ್ಟೆ ಏರಿಳಿಯುತ್ತ.
ಹತ್ತು ಕಿಲೋ ದಾಟದ್ದನ್ನು ನಮ್ಮ ಯಂತ್ರ ಲೆಕ್ಕಕ್ಕೆ ಹಿಡಿಯದು.
ಕೆಂಪು ಸೊನ್ನೆ ಅಲುಗದೆ ಉರಿಯುತ್ತಿತ್ತು.

ಯೆಮ್ಮಿಗನೂರಿನ ಕಡೆಯ ಲಾರಿ ಹಾರ್ನು ಹೊಡೆಯಿತು.
ನಾಯಿ ಎದ್ದು ಮೈಮುರಿದು, ಅವಸರವಿಲ್ಲದೆ ಇಳಿಯಿತು.
"ಎಂತ?" ತೆಲುಗಿನಲ್ಲಿ ಕೇಳಿದ ಡ್ರೈವರು,
ಹಿಂದಿನ ಚಕ್ರ ಇನ್ನೂ ಹತ್ತಿರಲಿಲ್ಲ.
"ತಡಿಯಪ್ಪ," ಅಂದೆ, "ನಿಂದರ್ಲಿ."